ಸಮಸ್ಯೆ (ಇದನ್ನೇ ಕೊನೆಯ ಸಾಲಾಗಿಸಿ ಪದ್ಯ ಕಟ್ಟಬೇಕು, ಅದೇ ಪೂರಣ): ಮಳೆಯ ನೀರೊಳು ಬೆಂಕಿ ಹೊತ್ತಿತಲ್ಲ

ಸಂಚಾಲಕ: ಕವಿ ಮುದ್ದಣ ಹೆಂಡತಿ ಮನೋರಮೆಗೆ ಕತೆ ಹೇಳುವ ಗದ್ಯಕಾವ್ಯ ರಾಮಾಶ್ವಮೇಧ ಶುರುವಾಗುವುದೇ ಮಳೆಗಾಲದಲ್ಲಿ, ಅಲ್ವಾ? ಅದೇ ಗುಂಗಿನಲ್ಲಿ ಈ ಸಾಲು. ಕವಿಯ ಬದುಕನ್ನೂ ತರಬಹುದು.

ಕಡಲತಡಿ:
ಹೊಳೆಯುಕ್ಕಿ ಕೆರೆ ತುಂಬಿ ಕತ್ತಲಾಗಿರುವಾಗ
ಗೆಳತಿ ಕತೆ ಕೇಳಿದಳು ಜಗಲಿಯಲ್ಲಿ
ಇಳಿದ ಮಿಂಚಂಗಳದ ತುಂಬ ಪ್ರಭೆ ಹರಡಿರಲು
ಮಳೆಯ ನೀರೊಳು ಬೆಂಕಿ ಹೊತ್ತಿತಲ್ಲ

ಲಘುಗುರು: ಮೂರನೇ ಸಾಲು ಕುಂಟುತ್ತಿದೆ. ಗಣಕ್ಕೆ ಐದು ಮಾತ್ರೆ ಇರಬೇಕು; ‘ಪ್ರ’ದ ಒತ್ತಿನಿಂದ ಹಿಂದಿನ ‘ಬ’ ಗುರುವಾಗಿ ‘ತುಂಬ ಪ್ರಭೆ’ ಆರಾಯಿತು.

ಕಡಲತಡಿ: ತೇಲಿಸಿ ಓದಿ ಸ್ವಾಮಿ, ಐದೇ.

ಲಘುಗುರು: ಶಿಥಿಲದ್ವಿತ್ವ (ಒತ್ತಕ್ಷರವನ್ನು ತೇಲಿಸಿ ಹಿಂದಿನಕ್ಷರವನ್ನು ಲಘುವಾಗಿಯೇ ಉಳಿಸುವುದು) ‘ಅಮರ್ದು’ವಿಗೆ ಸರಿ. ‘ಪ್ರಭೆ’ಗೆ ಯಾರು ಕೊಟ್ಟರು ಆ ಸಲಿಗೆ? ಯುಗಾದಿಯ ಕಂದಪದ್ಯದಲ್ಲೂ ಇದನ್ನೇ ಮಾಡಿದ್ದಿರಿ. ‘ತುಂಬ ಬೆಳಕೊಡೆದಿರಲು’ ಅನ್ನಿ, ಮುಗಿಯಿತು.

ಕಡಲತಡಿ: ಬೆಳಕೊಡೆಯುವುದು ಮುಂಜಾನೆ. ಮಿಂಚಿಗೆ ಅದು ಹೊಂದದು. ಯುಗಾದಿಯ ಪದ್ಯವನ್ನು ಆವತ್ತು ಎಲ್ಲರೂ ಒಪ್ಪಿದ್ದರು, ನಿಮ್ಮೊಬ್ಬರನ್ನು ಬಿಟ್ಟು.

ಮಲೆನಾಡಿಗ: ನನ್ನದೊಂದು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಮುದ್ದಣ, ಕ್ಷಯದಿಂದ 1901ರಲ್ಲಿ ಹೋಗಿಬಿಟ್ಟ. ವಯಸ್ಸು 31.
ಅಳಿವ ವಯಸೇ? ಜ್ವರವು ಮೈಯ ಸುಡುತಿರಲವನ
ತಳಮಳವನರಿತ ಮುಗಿಲಿಳಿದು ಬಂದು
ಎಳೆಯ ನೊಸಲನು ತೊಳೆಯೆ ಹನಿಯೆಲ್ಲ ಕುದಿದಿತ್ತು
ಮಳೆಯ ನೀರೊಳು ಬೆಂಕಿ ಹೊತ್ತಿತಲ್ಲ

ಸಂಚಾಲಕ: ಚೆನ್ನಾಗಿದೆ.

ಲಘುಗುರು: ಸರಿಯಾಗಿದೆ. ಕಡಲತಡಿಯವರೇ, ಮಾತು ಮುಗಿದಿಲ್ಲ. ನಿಮ್ಮ ‘ಪ್ರಭೆ’ ಕೇಳಿದ್ದರೆ ಮನೋರಮೆ ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು’ ಅನ್ನುತ್ತಿದ್ದಳು.

ಕಡಲತಡಿ: ಆಮೇಲೆ ಮುದ್ದಣ ಕೊಟ್ಟ ಮಾತನ್ನೂ ಹೇಳಿ. ಕರಿಮಣಿ ಸರದಲ್ಲಿ ಹವಳ ಕೋದ ಹಾಗೆ ನಡುನಡುವೆ ಸಕ್ಕದದ (ಸಂಸ್ಕೃತದ) ನಲ್ನುಡಿ ಇರುತ್ತದೆ ಅಂದ. ‘ಪ್ರಭೆ’ ಅಂಥದ್ದೇ ಹವಳ.

ಲಘುಗುರು: ಕೋಯಿರಿ, ಬೇಡ ಅಂದವರಾರು? ದಾರ ಹರಿಯಬಾರದು. ಅವನು ಹಾಗಂದಿದ್ದು ಗದ್ಯಕ್ಕೆ, ನೆನಪಿರಲಿ. ‘ಪದ್ಯಂ ವಧ್ಯಂ’, ಪದ್ಯ ಕೊಲ್ಲತಕ್ಕದ್ದು, ಅಂತ ಮನೋರಮೆ ಮೊದಲೇ ಹೇಳಿಯಾಗಿತ್ತು.

ಮಲೆನಾಡಿಗ: ಹಾಗಂತ ಪದ್ಯ ಅವನಿಗೆ ಬಾರದ್ದೇನಲ್ಲ. ಶ್ರೀರಾಮಪಟ್ಟಾಭಿಷೇಕ ಪೂರ್ತಿ ವಾರ್ಧಕ ಷಟ್ಪದಿಯಲ್ಲಿದೆ. ರತ್ನಾವತಿ ಕಲ್ಯಾಣ, ಕುಮಾರವಿಜಯ ಎರಡೂ ಯಕ್ಷಗಾನ. ನಮ್ಮ ಕಡೆ ಜಾಸ್ತಿ ಜನ ಅವನನ್ನು ಮೊದಲು ಕೇಳಿದ್ದೇ ಆಟದಲ್ಲಿ, ಪುಸ್ತಕ ಆಮೇಲೆ.

ಸಂಚಾಲಕ: ಯಕ್ಷಗಾನದ ಮಾತು ಇನ್ನೊಮ್ಮೆ ಆಡೋಣ. ‘ಪ್ರಭೆ’ ಏನಾಯಿತು?

ಕಡಲತಡಿ: ತಿದ್ದುವುದಿಲ್ಲ. ಹಾಡಿ ನೋಡಿದ್ದೇನೆ, ಎಲ್ಲೂ ತೊಡಕಿಲ್ಲ.

ಲಘುಗುರು: ಹಾಡಿದರೆ ಎಲ್ಲವೂ ಕೂರುತ್ತದೆ, ಎಣಿಸಿ. ನನ್ನ ಲೆಕ್ಕದಲ್ಲಿ ಈ ಸಲ ಪೂರಣ ಆಗಿದ್ದು ಒಂದೇ, ಮಲೆನಾಡಿಗರದ್ದು.