ತಂಡಗಳನ್ನು ‘ನಿರ್ವಹಿಸು’ವುದೋ, ‘ಮಾಡಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಮಾತಿಗೆ ಸರಿಯಾದ ಕನ್ನಡ ಸಿಗದೆ ಎಂಟು ದಿನದಿಂದ ಒದ್ದಾಡುತ್ತಿದ್ದೇನೆ. ಬರುವ ತಿಂಗಳು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಹುಡುಗ ಹುಡುಗಿಯರ ಮುಂದೆ ಕನ್ನಡದಲ್ಲಿ ಮಾತಾಡಬೇಕಿದೆ. ವಿಷಯ ನಾನು ಹನ್ನೊಂದು ವರ್ಷ ಮಾಡಿದ ಕೆಲಸವೇ. ಸರ್ಕಾರಿ ಹಡಗುಗಳ ವಿನ್ಯಾಸಕ್ಕೆ ಬರುವ ಹೊರಗಿನ ಕಂಪನಿಗಳ ಎಂಜಿನಿಯರ್ ತಂಡಗಳನ್ನು ‘ಮ್ಯಾನೇಜ್’ ಮಾಡುವುದು. ಪೈಪು, ಪಂಪು, ತೂಕ, ತೇಲುವಿಕೆ ಎಲ್ಲ ಹೇಗೋ ಕನ್ನಡಕ್ಕೆ ಬಂದವು. ಈ ‘ಮ್ಯಾನೇಜ್’ ಮಾತ್ರ ಬರುತ್ತಿಲ್ಲ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ನೌಕಾಪಡೆಯ ಎಷ್ಟೋ ಹಡಗುಗಳ ಮೊದಲ ಹಂತದ ವಿನ್ಯಾಸ ಅವರದೇ ವಿನ್ಯಾಸ ಬ್ಯೂರೋದಲ್ಲಿ ಆಗುತ್ತದೆ. ಯಾವ ಪೈಪು ಎಲ್ಲಿ ಹಾಯಬೇಕು, ಯಾವ ಕೇಬಲ್ ಎಲ್ಲಿ ತಿರುಗಬೇಕು ಅನ್ನುವ ವಿವರವಾದ ನಕ್ಷೆ ಶಿಪ್‌ಯಾರ್ಡಿನ ಪಾಲು. ಶಿಪ್‌ಯಾರ್ಡು ಅದರಲ್ಲಿ ಒಂದಷ್ಟನ್ನು ಹೊರಗೆ ಕೊಡುತ್ತದೆ. 2022ರಲ್ಲಿ ನೌಕಾಪಡೆ ಸೇರಿದ ವಿಮಾನವಾಹಕ ಹಡಗು ವಿಕ್ರಾಂತ್ 262 ಮೀಟರ್ ಉದ್ದ, ಒಳಗೆ ಸುಮಾರು 2,300 ಕೋಣೆಗಳು. ಅಂಥ ಹಡಗಿನ ನಕ್ಷೆ ಒಂದೇ ಮನೆಯೊಳಗೆ ಮುಗಿಯುವ ಕೆಲಸ ಅಲ್ಲ.

ಮೊದಲು ‘ವಿನ್ಯಾಸ ತಂಡಗಳ ನಿರ್ವಹಣೆ’ ಅಂತ ಬರೆದೆ. ಓದಿದ ನನ್ನ ತಮ್ಮ, “ಹಡಗು ರಿಪೇರಿ ಬಗ್ಗೆ ಏನು?” ಅಂದ. ಅವನದು ತಪ್ಪಲ್ಲ. ರಸ್ತೆ ನಿರ್ವಹಣೆ, ಕೆರೆ ನಿರ್ವಹಣೆ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಅಲ್ಲಿ ನಿರ್ವಹಣೆ ಅಂದರೆ ಕೆಡದಂತೆ ನೋಡಿಕೊಳ್ಳುವುದು. ಒಂದೇ ಪದಕ್ಕೆ ಎರಡು ಕೆಲಸ ಹೊರಿಸಿದ್ದೇವೆ.

‘ಗುತ್ತಿಗೆ’ಯಲ್ಲೂ ಹೀಗೇ ಆಯಿತು. ‘ಗುತ್ತಿಗೆ ಎಂಜಿನಿಯರ್‌ಗಳ ತಂಡ’ ಅಂದರೆ ಕಾಯಂ ಆಗದವರು, ವರ್ಷಕ್ಕೊಮ್ಮೆ ಆರ್ಡರಿಗೆ ಕಾಯುವವರು ಅಂತ ಕೇಳುವವರ ಮನಸ್ಸಿಗೆ ಬರುತ್ತದೆ. ನಮ್ಮ ಕೆಲಸಕ್ಕೆ ಬರುತ್ತಿದ್ದವರು ಅವರವರ ಕಂಪನಿಯಲ್ಲಿ ಕಾಯಂ ಇದ್ದವರೇ. ಗುತ್ತಿಗೆ ಹಿಡಿದದ್ದು ಕಂಪನಿ. ನಮ್ಮ ಕಡೆ ಗುತ್ತೇದಾರ ಅನ್ನುತ್ತೇವಲ್ಲ, ಆ ಅರ್ಥ. ಹಾಗಾಗಿ ‘ಗುತ್ತಿಗೆ ಹಿಡಿದ ಕಂಪನಿಯ ತಂಡ’ ಅಂತ ಇಟ್ಟುಕೊಂಡಿದ್ದೇನೆ. ಉದ್ದ ಆಯಿತು, ಆದರೆ ಗೊಂದಲ ಇಲ್ಲ.

ಈ ವ್ಯತ್ಯಾಸ ಸುಮ್ನೆ ಪದದ್ದಲ್ಲ ಅಂತ ನಾನು ಪೆಟ್ಟು ತಿಂದು ಕಲಿತೆ. ಒಂದು ಪಂಪ್ ಕೋಣೆ. ಪೈಪಿನ ತಂಡ ಒಂದು ಕಂಪನಿಯದು, ಕೇಬಲ್ ತಂಡ ಇನ್ನೊಂದರದು. ಕಂಪ್ಯೂಟರ್ ಮಾಡೆಲ್‌ನಲ್ಲಿ ನೋಡಿದರೆ ಬೆಂಕಿ ಆರಿಸುವ ನೀರಿನ ಪೈಪೂ ಕೇಬಲ್‌ಗಳನ್ನು ಹೊರುವ ಟ್ರೇಯೂ ಒಂದೇ ಜಾಗದಲ್ಲಿ ಕೂತಿವೆ. ಕೇಬಲ್ ತಂಡದ ಹುಡುಗನಿಗೆ ನಾನೇ ಫೋನ್ ಮಾಡಿ, “200 ಮಿಲಿಮೀಟರ್ ಈ ಕಡೆ ಸರಿಸಪ್ಪಾ” ಅಂದೆ. ಪಾಪ, ಸಂಜೆಯೊಳಗೆ ಸರಿಸಿದ. ಟ್ರೇ ಹೋಗಿ ಒಂದು ವಾಲ್ವಿನ ಚಕ್ರದ ಮುಂದೆ ನಿಂತಿತು. ತಿರುಗಿಸಲು ಕೈ ಹೋಗುವಷ್ಟು ಜಾಗ ಇಲ್ಲ. ಮತ್ತೆ ಬದಲು. ಮೂರು ವಾರದ ಮೇಲೆ ಅವನ ಕಂಪನಿಯಿಂದ ಪತ್ರ ಬಂತು: ಇದು ಒಪ್ಪಂದದಲ್ಲಿ ಇಲ್ಲದ ಕೆಲಸ, ಇಷ್ಟು ಗಂಟೆಗೆ ಇಷ್ಟು ಹಣ. ಅವರು ಕೇಳಿದ್ದು ಸರಿಯೇ ಇತ್ತು. ಆ ಹುಡುಗ ನನ್ನ ಆಳಲ್ಲ. ಅವನಿಗೆ ಕೆಲಸ ಹೇಳುವ ಹಕ್ಕು ಅವನ ಕಂಪನಿಯದು. ಕೆಲಸದ ವ್ಯಾಪ್ತಿ ಬದಲಿಸುವ ಹಕ್ಕು ಒಪ್ಪಂದಕ್ಕೆ ಸಹಿ ಹಾಕಿದವರದು. ನನ್ನ ಪಾಲಿಗೆ ಇದ್ದದ್ದು, ಎರಡೂ ತಂಡಗಳನ್ನು ಒಂದೇ ಮಾಡೆಲ್ ಮುಂದೆ ಕೂರಿಸಿ, ಯಾರು ಸರಿಯಬೇಕು ಅಂತ ಒಪ್ಪಿಸಿ, ಅದನ್ನು ಬರಹದಲ್ಲಿ ತರುವುದು. ಯಜಮಾನಿಕೆ ಇಲ್ಲದೆ ಕೆಲಸ ಆಗುವಂತೆ ನೋಡುವುದು. ಇದಕ್ಕೇ ನನಗೆ ಕನ್ನಡ ಬೇಕು.

‘ಉಸ್ತುವಾರಿ’ ಹಾಕಿ ನೋಡಿದೆ. ಉಸ್ತುವಾರಿ ಸಚಿವರಿಂದಾಗಿಯೋ ಏನೋ, ಮೇಲೆ ನಿಂತು ವರದಿ ಕೇಳುವವರ ಚಿತ್ರ ಬರುತ್ತದೆ. ವರದಿ ಕೇಳುವುದಷ್ಟೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ನೌಕಾಪಡೆಯ ಕಾನ್‌ಸ್ಟಲೇಶನ್ ಫ್ರಿಗೇಟ್ (ಒಂದು ಬಗೆಯ ಯುದ್ಧನೌಕೆ) ಇದೆ. 2020ರಲ್ಲಿ ಗುತ್ತಿಗೆ ಕೊಟ್ಟರು. ವಿನ್ಯಾಸ ಮುಗಿಯುವ ಮೊದಲೇ, 2022ರಲ್ಲಿ, ಕಟ್ಟಲು ಶುರು ಮಾಡಿದರು. 2024ರ ಹೊತ್ತಿಗೆ ಮೊದಲ ಹಡಗು ಮೂರು ವರ್ಷ ತಡ. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು ಒಂದು ಮಾತು ಎತ್ತಿ ಹೇಳಿದರು: ವಿನ್ಯಾಸ ಎಷ್ಟು ಮುಗಿದಿದೆ ಅಂತ ಅಳೆದದ್ದು ಕಾಗದಗಳ ಎಣಿಕೆಯಿಂದ, ಅವುಗಳ ಗುಣಮಟ್ಟದಿಂದಲ್ಲ. ನಾನು ಈ ಭಾಗವನ್ನು ಹುಡುಗರಿಗೆ ಹೇಳಲೇಬೇಕು ಅಂತಿದ್ದೇನೆ. ಆ ಎಣಿಕೆಗೆ ಬೇಕಾದರೆ ಉಸ್ತುವಾರಿ ಅನ್ನಬಹುದು. ನನ್ನ ಕೆಲಸಕ್ಕೆ ಆ ಪದ ಒಗ್ಗುವುದಿಲ್ಲ.

‘ಸಂಬಾಳಿಸು’ ನನಗೆ ಬಹಳ ಹತ್ತಿರದ ಪದ. ಧಾರವಾಡದಲ್ಲಿ ಕೂಸನ್ನೂ ಸಂಬಾಳಿಸುತ್ತಾರೆ, ಮನೆಯನ್ನೂ ಸಂಬಾಳಿಸುತ್ತಾರೆ. ಮರಾಠಿಯ ‘ಸಾಂಭಾಳಣೆ’ಯ ನಂಟು. ಅಕ್ಕರೆ ಇದೆ ಅದರಲ್ಲಿ. ಆದರೆ ಬೆಂಗಳೂರಿನ ಗೆಳೆಯರು ‘ಹೇಗೋ ಸಂಭಾಳಿಸಿದೆ’ ಅನ್ನುವಾಗ ಕಷ್ಟಪಟ್ಟು ದಾಟಿಸಿದೆ ಅನ್ನುವ ಅರ್ಥವೇ ಜಾಸ್ತಿ, ಅಲ್ವಾ?

ಕೊನೆಗೆ ನಿಂತದ್ದು ‘ಮಾಡಿಸು’ವಿನ ಹತ್ತಿರ. ಸಪ್ತಾಪುರದಲ್ಲಿ ನಮ್ಮ ಮನೆ ಕಟ್ಟುವಾಗ ಅವ್ವ ದಿನಾ ಬೆಳಿಗ್ಗೆ ಚಹಾದ ಕಿಟ್ಲಿ ಹಿಡಿದು ಹೋಗುತ್ತಿದ್ದಳು. ಗೌಂಡಿಗೆ ನೇರ ಏನೂ ಹೇಳುತ್ತಿರಲಿಲ್ಲ. ಗುತ್ತೇದಾರನನ್ನು ಕರೆದು, ಗೋಡೆಗೆ ನೀರು ಹೊಡೆದಿಲ್ಲ ಅಂತ ಅವನ ಕೈಯಿಂದಲೇ ಮುಟ್ಟಿಸುತ್ತಿದ್ದಳು. ಕೇಳಿದವರಿಗೆ, “ಮನೀ ಕಟ್ಟಿದವ್ರು ಅವ್ರು, ನಾ ಮುಂದ ನಿಂತು ಮಾಡಿಸೀನಿ ಅಷ್ಟ” ಅನ್ನುತ್ತಿದ್ದಳು. ಮಾಡಿದವರು ಬೇರೆ, ಮಾಡಿಸಿದವರು ಬೇರೆ. ಎರಡಕ್ಕೂ ಮರ್ಯಾದೆ ಇದೆ. ಒಂದು ‘ಇಸು’ ಸೇರಿಸಿದರೆ ಕನ್ನಡ ಇಷ್ಟನ್ನೂ ಹೇಳಿಬಿಡುತ್ತದೆ.

ಹಾಗಾಗಿ ನನ್ನ ಸಾಲು ಈಗ ಹೀಗಿದೆ: ‘ಗುತ್ತಿಗೆ ಹಿಡಿದ ಕಂಪನಿಗಳ ತಂಡಗಳಿಂದ ಹಡಗಿನ ವಿನ್ಯಾಸ ಮಾಡಿಸುವುದು.’ ಎರಡು ಅನುಮಾನ ಉಳಿದಿವೆ. ಪೂಜೆ ಮಾಡಿಸು, ಎಕ್ಸ್‌ರೇ ಮಾಡಿಸು ಅನ್ನುವಾಗ ದುಡ್ಡು ಕೊಟ್ಟು ಸುಮ್ಮನೆ ಕೂತವರೂ ಮಾಡಿಸಿದವರೇ. ಮೈಸೂರು, ಮಂಗಳೂರು ಕಡೆಯವರಿಗೆ ನನ್ನ ಸಾಲಿನಲ್ಲಿ ಆ ಅರ್ಥ ಕೇಳಿಸುತ್ತದೆಯೇ? ‘ಮುಂದೆ ನಿಂತು’ ಸೇರಿಸಿದರೆ ಸರಿಹೋಗುತ್ತದೆಯೇ? ಇನ್ನೊಂದು, ಈ ಕೆಲಸದವರನ್ನು ಕರೆಯಲು ಹೆಸರು ಬೇಕು. ಓದುವವರು ಓದುಗರಾದಂತೆ ಇವರು ‘ಮಾಡಿಸುಗ’ರಾಗಬಹುದೇ, ಕಿವಿಗೆ ಒರಟಾಗುತ್ತದೆಯೇ? ನಿಮ್ಮ ಊರಲ್ಲಿ ಇಂಥವರಿಗೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ. ಯಾರ ಬಾಯಲ್ಲಿ, ಯಾವ ಕೆಲಸದಲ್ಲಿ ಕೇಳಿದಿರಿ ಅಂತಲೂ ಒಂದು ಸಾಲು ಸೇರಿಸಿ.