ಮಡಚುವ ರೆಕ್ಕೆಯ ಪಿನ್ನಿಗೆ ‘ಕಡಾಣಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಕಾರವಾರದಲ್ಲಿ ಡಿಪ್ಲೊಮಾ ಓದುವ ಕೆಲವು ಹುಡುಗರಿಗಾಗಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕಟ್ಟಿಕೊಳ್ಳುವ ಸಣ್ಣ ವಿಮಾನಗಳ ರೆಕ್ಕೆ ಮಡಚುವುದು ಹೇಗೆ ಅನ್ನುವುದು ವಿಷಯ. ರೆಕ್ಕೆ ಮಡಚಿದರೆ ವಿಮಾನವನ್ನು ಟ್ರೇಲರ್ ಮೇಲೆ ಎಳೆದು ತಂದು ಮನೆಯ ಶೆಡ್ಡಿನಲ್ಲೇ ಇಟ್ಟುಕೊಳ್ಳಬಹುದು. ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ‘ಮಡಚು’. ಮಡಿಕೆ ಬಿದ್ದರೆ ಮಾತ್ರ ಮಡಚುವುದು ಎಂದು ಒಬ್ಬ ಸ್ನೇಹಿತರ ವಾದ. ನೌಕಾಪಡೆಯ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮಿಗ್-29ಕೆ ಯುದ್ಧವಿಮಾನಕ್ಕೆ ಅದು ಹೊಂದುತ್ತದೆ. ಅದರ ರೆಕ್ಕೆಯ ಹೊರಭಾಗ ಮಾತ್ರ ಮೇಲಕ್ಕೆ ಏಳುತ್ತದೆ. ಆದರೆ 1984ರಲ್ಲಿ ಅಮೆರಿಕದಲ್ಲಿ ಬಂದ, ಮನೆಯಲ್ಲೇ ಕಟ್ಟಿಕೊಳ್ಳುವ ಸಣ್ಣ ವಿಮಾನ ಕಿಟ್‌ಫಾಕ್ಸ್ ನೋಡಿ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 32 ಅಡಿ. ಅಲ್ಲಿ ಇಡೀ ರೆಕ್ಕೆ ಬುಡದಲ್ಲಿ ತಿರುಗಿ ಬಾಲದ ಕಡೆ ಹೋಗಿ ನಿಲ್ಲುತ್ತದೆ, ಮಡಿಕೆ ಎಲ್ಲೂ ಇಲ್ಲ. ಆದರೂ ‘ಮಡಚು’ ಸರಿ ಎಂದೇ ನನಗೆ ಅನಿಸುತ್ತದೆ. ಮಡಚುವ ಚಾಕು ಅನ್ನುತ್ತೇವಲ್ಲ, ಅದರ ಅಲಗಿಗೆ ಮಡಿಕೆ ಬೀಳುತ್ತದೆಯೇ? ತಿರುಗಿ ಹಿಡಿಯ ಪಕ್ಕ ಸೇರುತ್ತದೆ, ಅಷ್ಟೆ. ‘ಬಿಚ್ಚುವ ರೆಕ್ಕೆ’ ಮಾತ್ರ ಬೇರೆಯೇ. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ತಮಿಳುನಾಡಿನ ಅರಕ್ಕೋಣಂನಿಂದ ಬಂದದ್ದು ಬಿಚ್ಚಿದ ಭಾಗಗಳಾಗಿ. ಅದನ್ನು ಯಾರೂ ಮಡಚಿ ತಂದರು ಅನ್ನುವುದಿಲ್ಲ.

ನಿಜವಾದ ತೊಡಕು ‘ಕೀಲು’. ಕಿಟ್‌ಫಾಕ್ಸ್ ರೆಕ್ಕೆಯೊಳಗೆ ಉದ್ದಕ್ಕೆ ಎರಡು ಸ್ಪಾರ್ ಇರುತ್ತವೆ. ನಾನು ‘ತೊಲೆ’ ಎಂದು ಬರೆದಿದ್ದೇನೆ, ಮನೆಯ ತೊಲೆಯಂತೆ ಅವೂ ಭಾರ ಹೊರುತ್ತವೆ. ಮುಂದಿನ ತೊಲೆಯ ಬುಡವನ್ನು ವಿಮಾನದ ಮೈಗೆ ಹಿಡಿದಿಡುವುದು ಒಂದು ಪಿನ್ನು. ಅದನ್ನು ಎಳೆದರೆ ಆ ಕಡೆ ಬಿಡುತ್ತದೆ. ಹಿಂದಿನ ತೊಲೆಯ ಜೋಡಣೆಯನ್ನು ಬಿಚ್ಚುವುದೇ ಇಲ್ಲ, ರೆಕ್ಕೆ ತಿರುಗುವುದು ಅದರ ಮೇಲೆಯೇ. ಕೆಳಗಿನಿಂದ ರೆಕ್ಕೆಗೆ ಕೊಟ್ಟ ಆನಿಕೆ ಕೋಲುಗಳೂ ಜೊತೆಗೇ ತಿರುಗಬೇಕು. ಅದಕ್ಕೆ ಹಿಂದಿನ ತೊಲೆ ತಿರುಗುವ ಜಾಗ ಮತ್ತು ಕೋಲಿನ ಕೆಳತುದಿ ತಿರುಗುವ ಜಾಗ, ಎರಡರ ಅಚ್ಚೂ ಒಂದೇ ಗೆರೆಯಲ್ಲಿ ಬರಬೇಕು. ಗೆರೆ ತಪ್ಪಿದರೆ ಅರ್ಧ ದಾರಿಯಲ್ಲೇ ಬಿಗಿದುಕೊಳ್ಳುತ್ತದೆ.

ಈಗ ‘ಕೀಲು ತೆಗೆಯಿರಿ’ ಎಂದು ಬರೆದರೆ ಹುಡುಗರು ಯಾವುದನ್ನು ತೆಗೆಯಬೇಕು? ಕನ್ನಡದಲ್ಲಿ ತಿರುಗುವ ಸಂದಿಗೂ ಕೀಲು, ಬಡಿದು ಕೂರಿಸುವ ಬೆಣೆಗೂ ಕೀಲು. ಮೊಣಕಾಲಿನದೂ ಕೀಲೇ. ಹಿಂದಿನದನ್ನು ತೆಗೆದರೆ ರೆಕ್ಕೆ ಕೆಳಗೆ ಬೀಳುತ್ತದೆ. ಹಾಗಾಗಿ ತಿರುಗುವುದಕ್ಕೆ ಮಾತ್ರ ‘ಕೀಲು’ ಇಟ್ಟುಕೊಂಡೆ. ಬಾಗಿಲು ತಿರುಗುವ ಕೀಲಿಗೆ ಮರಾಠಿಯಿಂದ ಬಂದ ‘ಬಿಜಾಗರಿ’ ಇನ್ನೂ ಸ್ಪಷ್ಟ, ಆದರೆ ಮೈಸೂರು ಕಡೆಯವರಿಗೆ ಅದು ಗೊತ್ತಾಗುತ್ತದೆಯೇ?

ಎಳೆದು ತೆಗೆಯುವ ಪಿನ್ನಿಗೆ ಗಾಡಿಯ ‘ಕಡಾಣಿ’ ಹೊಳೆಯಿತು. ಆದರೆ ಕಡಾಣಿ ಗಾಲಿ ಕಳಚದಂತೆ ತಡೆಯುತ್ತದೆ ಅಷ್ಟೆ, ಭಾರ ಹೊರುವುದು ಅಚ್ಚು. ಇಲ್ಲಿ ಹಾಗಲ್ಲ, ಹಾರುವಾಗ ಭಾರ ಬೀಳುವುದೇ ಆ ಪಿನ್ನಿನ ಮೇಲೆ. ಅದು ಜಾರದಂತೆ ಅದರ ತುದಿಗೆ ಒಂದು ಸಣ್ಣ ಪಿನ್ನು ಸಿಕ್ಕಿಸುತ್ತಾರೆ. ಕಡಾಣಿಯ ಕೆಲಸ ಮಾಡುವುದು ಆ ಸಣ್ಣದು. ದೊಡ್ಡದಕ್ಕೆ ‘ಅಗುಳಿ’ ಅಂದರೆ ಹೇಗೆ? ಬಾಗಿಲ ಅಗುಳಿಯೂ ತೂತಿನೊಳಗೆ ಜಾರಿ ಕೂರುತ್ತದೆ, ತಳ್ಳಿದ ಬಲವನ್ನೆಲ್ಲ ತಡೆದುಕೊಳ್ಳುತ್ತದೆ. ಆಗ ಸೂಚನೆ ಹೀಗಾಗುತ್ತದೆ: “ರೆಕ್ಕೆ ಬಿಡಿಸಿ, ಅಗುಳಿ ಹಾಕಿ, ಕಡಾಣಿ ಸಿಕ್ಕಿಸಿ. ಕಡಾಣಿ ಕಾಣದಿದ್ದರೆ ಹಾರಬೇಡಿ.”

ಈ ಕೊನೆಯ ಸಾಲು ಒಂದೇ ಓದಿಗೆ, ಒಂದೇ ಅರ್ಥದಲ್ಲಿ ತಲುಪಬೇಕು. ಶಿರಸಿ, ಮುಂಡಗೋಡ ಕಡೆ ಎತ್ತಿನ ಗಾಡಿ ಹೂಡಿದವರ ಮನೆಯವರು ಇದ್ದರೆ ದಯವಿಟ್ಟು ಹೇಳಿ: ಕಡಾಣಿ ಅಂದ ತಕ್ಷಣ ನಿಮಗೆ ಸಣ್ಣ ಪಿನ್ನೇ ನೆನಪಾಗುತ್ತದೆಯೇ? ಅಗುಳಿಗಿಂತ ಒಳ್ಳೆಯ ಪದ ನಿಮ್ಮಲ್ಲಿ ಉಂಟಾ?