ಭಾನುವಾರದ ಪ್ರಶ್ನೋತ್ತರ: ಸ್ಕ್ರಬ್ಬಾ, ಆಸಿಡ್ಡಾ, ಪೀಲಾ? ನನ್ನ ಚರ್ಮಕ್ಕೆ ಯಾವುದು?

ಅಡ್ಮಿನ್: ಸಂಜೆ 6ರಿಂದ ನಮ್ಮ ಗುಂಪಿನ ಚರ್ಮರೋಗ ತಜ್ಞೆ ಡಾಕ್ಟರ್ ಮೇಡಂ ಇರುತ್ತಾರೆ. ವಿಷಯ ಎಕ್ಸ್‌ಫೋಲಿಯೇಶನ್, ಅಂದರೆ ಚರ್ಮದ ಮೇಲಿನ ಸತ್ತ ಪದರ ತೆಗೆಯುವುದು. ಉಜ್ಜಿ ತೆಗೆಯುವುದು ಸ್ಕ್ರಬ್, ಹಚ್ಚಿ ಸಡಿಲಿಸುವುದು ಆಸಿಡ್, ಗಾಢ ಆಸಿಡ್ ಹಚ್ಚಿ ಪದರ ಸುಲಿಸುವುದು ಪೀಲ್. ವಯಸ್ಸು ಮತ್ತು ಈಗ ಏನು ಹಚ್ಚುತ್ತಿದ್ದೀರಿ ಎಂಬುದನ್ನು ಬರೆಯಿರಿ. ಮುಖದ ಫೋಟೋ ಬೇಡ.

ಬೆಣ್ಣೆದೋಸೆ: ಮೇಡಂ ನಮಸ್ಕಾರ. 24 ವರ್ಷ, ಎಣ್ಣೆ ಚರ್ಮ. ಮೂಗಿನ ಮೇಲೆ ಕಪ್ಪು ಚುಕ್ಕೆ. ಅಕ್ರೋಟು ಚಿಪ್ಪಿನ ಸ್ಕ್ರಬ್ ದಿನಾ ಉಜ್ಜುತ್ತೇನೆ, ಹೋಗುತ್ತಿಲ್ಲ.

ಡಾಕ್ಟರ್: ನಮಸ್ಕಾರ. ಉಜ್ಜಿದರೆ ಹೋಗುವುದಿಲ್ಲ, ಅದು ಕೊಳೆ ಅಲ್ಲ. ರಂಧ್ರದಲ್ಲಿ ಎಣ್ಣೆ ಮತ್ತು ಸತ್ತ ಚರ್ಮ ಸೇರಿ ಗಟ್ಟಿಯಾಗಿದೆ, ಬಾಯಿ ತೆರೆದಿರುವುದರಿಂದ ಮೇಲ್ಭಾಗ ಕಪ್ಪಾಗಿದೆ. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದೊಳಗೆ ಇಳಿಯುತ್ತದೆ. 2% ಇರುವುದನ್ನು ರಾತ್ರಿ ಹಚ್ಚಿ, ವಾರಕ್ಕೆ 2 ಸಲದಿಂದ ಶುರು ಮಾಡಿ. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಅಕ್ರೋಟು ನಿಲ್ಲಿಸಿ, ಆ ಚಿಪ್ಪಿನ ಚೂರು ಚರ್ಮವನ್ನು ಗೀರುತ್ತದೆ.

ಗಿರ್ಮಿಟ್: 41 ವರ್ಷ, ಒಣ ಚರ್ಮ. ಚಳಿಗಾಲದಲ್ಲಿ ಹೊಟ್ಟು ಏಳುತ್ತದೆ. ಗ್ಲೈಕಾಲಿಕ್ ಆಸಿಡ್ ತಂದಿದ್ದೇನೆ, ಹಚ್ಚಿದರೆ ಚುರುಚುರು.

ಡಾಕ್ಟರ್: ಗ್ಲೈಕಾಲಿಕ್, ಲ್ಯಾಕ್ಟಿಕ್ ಎಲ್ಲಾ ಎಎಚ್‌ಎ ಅನ್ನುವ ಒಂದೇ ಗುಂಪಿನ ಆಸಿಡ್‌ಗಳು, ಅವುಗಳಲ್ಲಿ ಗ್ಲೈಕಾಲಿಕ್‌ನ ಕಣವೇ ಚಿಕ್ಕದು. ಬೇಗ ಒಳಗಿಳಿಯುತ್ತದೆ, ಅದಕ್ಕೇ ಚುರುಕು. ನಿಮಗೆ ಲ್ಯಾಕ್ಟಿಕ್ 5% ಸಾಕು, ಅದು ನೀರಿನಂಶವನ್ನೂ ಹಿಡಿದಿಡುತ್ತದೆ. ಅದೂ ಉರಿದರೆ ಗ್ಲುಕೋನೊಲ್ಯಾಕ್ಟೋನ್ ಇರುವುದನ್ನು ನೋಡಿ, ಇನ್ನೂ ಮೆದು. ಆದರೆ ಮೊದಲು ಎರಡು ವಾರ ಬರೀ ಮಾಯಿಶ್ಚರೈಸರ್ ಹಚ್ಚಿ. ಹೊಟ್ಟು ಎದ್ದ ಕೂಡಲೇ ಕೆರೆದು ತೆಗೆಯಬೇಕೆಂದಿಲ್ಲ. ಎಷ್ಟೋ ಸಲ ಚರ್ಮ ಕೇಳುವುದು ತೇವವನ್ನು ಮಾತ್ರ.

ಮೈಸೂರ್ಪಾಕ್: ಎಣ್ಣೆ ಚರ್ಮಕ್ಕೆ ಯಾವುದು ಮೇಡಂ?

ಡಾಕ್ಟರ್: ಮೇಲೆ ಬೆಣ್ಣೆದೋಸೆ ಅವರಿಗೆ ಬರೆದಿದ್ದೇನೆ.

ತುಂಗೆ: ಮೇಡಂ, ನಾನು 4 ತಿಂಗಳ ಗರ್ಭಿಣಿ. ಸ್ಯಾಲಿಸಿಲಿಕ್ ಫೇಸ್‌ವಾಶ್ ಬಳಸಬಹುದಾ?

ಮಲ್ಲಿಗೆ: ಮೇಡಂ, 26 ವರ್ಷ. ಮೂರು ವಾರದಲ್ಲಿ ಮದುವೆ. ಐದು ತಿಂಗಳಿಂದ ರಾತ್ರಿ ಒಂದು ಕ್ರೀಮ್ ಹಚ್ಚುತ್ತಿದ್ದೇನೆ. ಅತ್ತಿಗೆ ಹೇಳಿದ್ದು, ಮೆಡಿಕಲ್ ಶಾಪ್‌ನಲ್ಲಿ ಹಾಗೇ ಕೊಟ್ಟರು. ಮೊದಲ ತಿಂಗಳು ಮುಖ ತುಂಬಾ ಚೆನ್ನಾಗಿತ್ತು. ಈಗ ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಉರಿ, ಕೆಂಪು. ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ಗೆರೆ. ಪಾರ್ಲರ್‌ನವರು ಪೀಲ್ ಮಾಡಿಸಿದರೆ ಎಲ್ಲಾ ಸರಿಹೋಗುತ್ತದೆ ಅಂದರು, ಬುಧವಾರಕ್ಕೆ ಟೈಮ್ ಕೊಟ್ಟಿದ್ದಾರೆ. ಗ್ಲೈಕಾಲಿಕ್ ಒಳ್ಳೆಯದಾ, ಲ್ಯಾಕ್ಟಿಕ್ ಒಳ್ಳೆಯದಾ?

ಡಾಕ್ಟರ್: ಯಾವುದೂ ಬೇಡ. ಕ್ರೀಮಿನ ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಏನೇನು ಬರೆದಿದೆ, ಈಗಲೇ ನೋಡಿ ಹೇಳಿ. ಮುಖದಲ್ಲಿ ಕೂದಲು ಜಾಸ್ತಿಯಾಗಿದೆಯಾ? ಒಂದು ರಾತ್ರಿ ಹಚ್ಚದಿದ್ದರೆ ತುರಿಕೆ ಬರುತ್ತದಾ?

ಅಜ್ಜಿಮನೆ: ಮಲ್ಲಿಗೆ ಅವರೇ, ಈ ಕೆಮಿಕಲ್ ಎಲ್ಲಾ ಬಿಟ್ಟು ಕಡಲೆಹಿಟ್ಟು, ಹೆಸರುಹಿಟ್ಟು, ಕಸ್ತೂರಿ ಅರಿಶಿನ ಹಚ್ಚಿ. ನಮ್ಮ ಅಜ್ಜಿ 80 ವರ್ಷದವರೆಗೂ ಸೋಪು ಮುಟ್ಟಲಿಲ್ಲ. ನಾನು ಸ್ನಾನದ ಪುಡಿ ಮಾಡಿ ಕೊಡುತ್ತೇನೆ, ಬೇಕಿದ್ದವರು ಇನ್‌ಬಾಕ್ಸ್‌ಗೆ ಬನ್ನಿ.

ಮಲ್ಲಿಗೆ: ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಮೊಮೆಟಾಸೋನ್ ಅಂತ ಇದೆ ಮೇಡಂ. ಹೌದು, ಮೇಲ್ದುಟಿ ಮೇಲೆ, ಕೆನ್ನೆ ಪಕ್ಕ ಕೂದಲು ಬಂದಿದೆ. ಬಿಟ್ಟರೆ ಎರಡನೇ ದಿನಕ್ಕೇ ತುರಿಕೆ, ಅದಕ್ಕೇ ಬಿಡಲು ಆಗುತ್ತಿಲ್ಲ.

ಡಾಕ್ಟರ್: ಇದನ್ನು ನಿಧಾನವಾಗಿ ಓದಿ. ಮನೆಯವರಿಗೂ ತೋರಿಸಿ.

ಮೊಮೆಟಾಸೋನ್ ಸ್ಟೀರಾಯ್ಡ್. ಈ ಮೂರೂ ಸೇರಿದ ಮದ್ದನ್ನು ನಾವು ಬಂಗು, ಅಂದರೆ ಮುಖದ ಕಂದು ಕಲೆಗೆ ಬರೆಯುತ್ತೇವೆ, ಅದೂ ಕೆಲವು ವಾರಕ್ಕೆ, ಮಧ್ಯೆ ನೋಡಿಕೊಂಡು. ಬೆಳ್ಳಗಾಗಲು ದಿನಾ ಹಚ್ಚುವ ಕ್ರೀಮ್ ಅಲ್ಲವೇ ಅಲ್ಲ. ಸ್ಟೀರಾಯ್ಡ್ ಮೊದಲು ಕೆಂಪು, ಊತ ಎಲ್ಲವನ್ನೂ ಅಡಗಿಸುತ್ತದೆ. ಅದಕ್ಕೇ ಮೊದಲ ತಿಂಗಳು ಚೆನ್ನಾಗಿ ಕಂಡಿದ್ದು. ಆಮೇಲೆ ಚರ್ಮ ತೆಳುವಾಗುತ್ತದೆ, ಅಡಿಯ ರಕ್ತನಾಳ ಹಿಗ್ಗಿ ಗೆರೆಯಾಗಿ ಕಾಣುತ್ತದೆ, ಕೂದಲು, ಮೊಡವೆ ಬರುತ್ತವೆ. ಬಿಟ್ಟರೆ ಕೆರಳುತ್ತದೆ. ಕೆರಳಿದ ಕೂಡಲೇ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ನೀವು ಸಿಕ್ಕಿಕೊಂಡಿರುವುದು ಇಲ್ಲೇ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇದಕ್ಕೆ 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್', ಅಂದರೆ ಹಚ್ಚುವ ಸ್ಟೀರಾಯ್ಡ್‌ನಿಂದ ಹಾಳಾದ ಮುಖ, ಅಂತ ಹೆಸರೇ ಇದೆ.

ಇನ್ನೊಂದು ವಿಷಯ. ಟ್ರೆಟಿನೊಯಿನ್ ಕೂಡ ಮೇಲಿನ ಪದರ ಉದುರಿಸುವ ಮದ್ದೇ. ಅಂದರೆ ಐದು ತಿಂಗಳಿಂದ ದಿನಾ ರಾತ್ರಿ ಎಕ್ಸ್‌ಫೋಲಿಯೇಶನ್ ನಡೆದೇ ಇದೆ. ಅದರ ಮೇಲೆ ಪಾರ್ಲರಿನ ಪೀಲ್ ಬಿದ್ದರೆ ಸುಡುತ್ತದೆ. ನಮ್ಮ ಕಂದು ಚರ್ಮ ಸುಟ್ಟರೆ ಕೆಂಪಾಗಿ ಸುಮ್ಮನಾಗುವುದಿಲ್ಲ, ಕಪ್ಪು ಕಲೆ ಉಳಿಸುತ್ತದೆ. ಆ ಕಲೆ ಹೋಗಲು ತಿಂಗಳುಗಟ್ಟಲೆ ಬೇಕು. ನಿಮ್ಮ ಹತ್ತಿರ ಇರುವುದು ಮೂರು ವಾರ.

ಬುಧವಾರದ ಪೀಲ್ ರದ್ದು ಮಾಡಿ. ಸ್ಕ್ರಬ್, ಬ್ಲೀಚ್, ಫೇಶಿಯಲ್, ಮುಖಕ್ಕೆ ವ್ಯಾಕ್ಸ್, ವಿಟಮಿನ್ ಸಿ ಸೀರಮ್, ಕಡಲೆಹಿಟ್ಟು, ಎಲ್ಲವೂ ಬಂದ್. ಪರಿಮಳ ಇಲ್ಲದ ಮೆದು ಕ್ಲೆನ್ಸರ್, ಸಾದಾ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಹೊರಗೆ ಹೋದರೆ ಕೊಡೆ. ಸದ್ಯಕ್ಕೆ ಇಷ್ಟೇ. ಕ್ರೀಮ್ ಒಮ್ಮೆಗೇ ನಿಲ್ಲಿಸಬೇಕಾ, ಇಳಿಸುತ್ತಾ ಬರಬೇಕಾ ಅನ್ನುವುದನ್ನು ಮುಖ ನೋಡಿಯೇ ಹೇಳಬೇಕು, ನಾನು ಇಲ್ಲಿಂದ ಹೇಳುವುದಿಲ್ಲ. ಈ ವಾರದೊಳಗೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಟ್ಯೂಬ್ ಕೈಯಲ್ಲಿ ಹಿಡಿದು ಹೋಗಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗವೂ ಆಗುತ್ತದೆ. ಮೇಕಪ್ ಮಾಡುವವರಿಗೂ ಮೊದಲೇ ಹೇಳಿಡಿ.

ಮಲ್ಲಿಗೆ: ಮದುವೆ ದಿನ ಮುಖ ಕೆಂಪಗಿದ್ದರೆ ಏನು ಮಾಡಲಿ ಮೇಡಂ?

ಡಾಕ್ಟರ್: ಕೆಂಪಿದ್ದರೆ ಮೇಕಪ್ ಮುಚ್ಚುತ್ತದೆ. ಸುಟ್ಟು ಸುಲಿದಿದ್ದರೆ ಮುಚ್ಚುವುದಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಅಮ್ಮ.

ಮೆಡಿಕಲ್ ಅಣ್ಣ: ಎಲ್ಲದಕ್ಕೂ ನಮ್ಮ ಅಂಗಡಿಯವರನ್ನೇ ದೂರಬೇಡಿ. ಜನ ಹೆಸರು ಹೇಳಿ ಕೇಳುತ್ತಾರೆ. ನಾವು ಕೊಡದಿದ್ದರೆ ಪಕ್ಕದ ಅಂಗಡಿಯಲ್ಲಿ ತಗೊಳ್ಳುತ್ತಾರೆ.

ಬೆಣ್ಣೆದೋಸೆ: ಚೀಟಿ ಇಲ್ಲದೆ ಕೊಡಬಾರದು ಅಲ್ವಾ ಅಣ್ಣ?

ಮೆಡಿಕಲ್ ಅಣ್ಣ: ಅಂಗಡಿ ಬಾಡಿಗೆ ನೀವು ಕಟ್ಟುತ್ತೀರಾ?

ಡಾಕ್ಟರ್: ಟ್ಯೂಬಿನ ಮೇಲೆ ಕೆಂಪು ಗೆರೆ ಇರುತ್ತದೆ. ಅದು ಯಾಕೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಜ್ಜಿಮನೆ: ನೋಡಿ, ಇಂಗ್ಲಿಷ್ ಮದ್ದಿನವರೇ ಒಬ್ಬರನ್ನೊಬ್ಬರು ಬೈಯುತ್ತಿದ್ದಾರೆ. ಅದಕ್ಕೇ ಹೇಳುವುದು, ನ್ಯಾಚುರಲ್ ಬಳಸಿ. ಡಾಕ್ಟ್ರು ಕಡಲೆಹಿಟ್ಟನ್ನೂ ಬಂದ್ ಅಂದರಲ್ಲ, ಯಾಕೆ?

ಡಾಕ್ಟರ್: ಬಂದ್ ಅಂದಿದ್ದು ಮಲ್ಲಿಗೆ ಅವರಿಗೆ. ಎಣ್ಣೆ ಸ್ನಾನದ ದಿನ ಮೈಯ ಎಣ್ಣೆ ತೆಗೆಯಲು ನುಣ್ಣಗೆ ಜರಡಿ ಹಿಡಿದ ಕಡಲೆಹಿಟ್ಟು, ಚೆನ್ನಾಗಿ ನೀರು ಹಾಕಿ ಕಲಸಿದ್ದು, ಧಾರಾಳವಾಗಿ ಹಚ್ಚಿಕೊಳ್ಳಿ. ಮೊಡವೆ ಇರುವ ಮುಖಕ್ಕೆ ಬೇಡ. ಒಣಗಿಸಿ ಕೆರೆದು ತೆಗೆಯುವುದಂತೂ ಬೇಡ. ಮತ್ತೆ, ಇಲ್ಲಿ ವ್ಯಾಪಾರ ಮಾಡಬೇಡಿ.

ನಗುಮೊಗ: *ಫಾರ್ವರ್ಡ್* ನಿಂಬೆ ರಸ + ಅಡುಗೆ ಸೋಡಾ + ಟೂತ್‌ಪೇಸ್ಟ್. 3 ದಿನದಲ್ಲಿ ಸತ್ತ ಚರ್ಮ ಮಾಯ, ಹಾಲಿನಂಥ ಬಣ್ಣ. ಡಾಕ್ಟರುಗಳು ಮುಚ್ಚಿಟ್ಟ ಗುಟ್ಟು. 10 ಗುಂಪಿಗೆ ಕಳಿಸಿ 🙏

ಡಾಕ್ಟರ್: ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಚರ್ಮದ ಪಿಎಚ್ 5ರ ಆಸುಪಾಸು. ನಿಂಬೆಯದ್ದು 2ರ ಹತ್ತಿರ, ಸೋಡಾದ್ದು 8 ದಾಟುತ್ತದೆ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆ ಏಳಬಹುದು, ಆಮೇಲೆ ಕಪ್ಪು ಕಲೆ. ನಿಂಬೆಯನ್ನು ಚಿತ್ರಾನ್ನಕ್ಕೆ ಹಿಂಡಿ, ಸೋಡಾವನ್ನು ಬೋಂಡಾಕ್ಕೆ ಹಾಕಿ, ಪೇಸ್ಟನ್ನು ಹಲ್ಲಿಗೆ ಹಚ್ಚಿ. 10 ಗುಂಪಿಗೆ ಇದನ್ನು ಕಳಿಸಿ.

ನಗುಮೊಗ: ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ ಮೇಡಂ.

ಕಾಫಿತೋಟ: 47 ವರ್ಷ, ಗಂಡಸು. ಬೆನ್ನು, ಮೊಣಕಾಲಿನ ಕೆಳಗೆ ಮುಂಭಾಗ ಕಪ್ಪು ಗೆರೆ ಗೆರೆ. ಚಿಕ್ಕಂದಿನಿಂದ ಸ್ನಾನಕ್ಕೆ ನಾರು, ಈಗ ಪ್ಲಾಸ್ಟಿಕ್ ಉಜ್ಜು. ಕೊಳೆ ಇರಬಹುದೆಂದು ಇನ್ನೂ ಜೋರಾಗಿ ಉಜ್ಜುತ್ತೇನೆ.

ಡಾಕ್ಟರ್: ಉಜ್ಜಿಯೇ ಬಂದಿರುವ ಕಪ್ಪು ಇರಬೇಕು. ಮೂಳೆ ಚರ್ಮಕ್ಕೆ ಹತ್ತಿರ ಇರುವ ಜಾಗದಲ್ಲಿ ಹೀಗಾಗುತ್ತದೆ. ಉಜ್ಜು ಎಸೆಯಿರಿ, ಕೈಯಲ್ಲೇ ಸೋಪು ಹಚ್ಚಿ, ಸ್ನಾನದ ನಂತರ ಮಾಯಿಶ್ಚರೈಸರ್. ತಿಂಗಳುಗಳು ಬೇಕು. ತುರಿಕೆ ಇದ್ದರೆ ತೋರಿಸಿ.

ಬೆಳ್ಳಿಚುಕ್ಕಿ: ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತಗೊಳ್ಳುತ್ತಿದ್ದೇನೆ. ಸ್ಕ್ರಬ್?

ಡಾಕ್ಟರ್: ಬೇಡ. ಆಸಿಡ್ ಬೇಡ, ಪೀಲ್ ಬೇಡ, ಮುಖಕ್ಕೆ ವ್ಯಾಕ್ಸ್ ಬೇಡ. ಆ ಮಾತ್ರೆ ಇರುವಾಗ ಗರ್ಭ ನಿಲ್ಲಬಾರದು ಎಂಬುದನ್ನು ಬರೆದ ಡಾಕ್ಟರು ಹೇಳಿದ್ದಾರೆ ತಾನೇ?

ತುಂಗೆ: ಮೇಡಂ ನನ್ನ ಪ್ರಶ್ನೆ?

ಅಜ್ಜಿಮನೆ: ಗರ್ಭಿಣಿಯರಿಗೆ ನಮ್ಮ ಪುಡಿ ತುಂಬಾ ಸೇಫ್.

ಮೆಡಿಕಲ್ ಅಣ್ಣ: ಯಾರು ಟೆಸ್ಟ್ ಮಾಡಿದ್ದು? ಲೈಸೆನ್ಸ್ ಇದೆಯಾ? ನಮಗೆ ಚೀಟಿ ಕೇಳುತ್ತಾರೆ, ಇವರಿಗೆ ಯಾರೂ ಕೇಳುವುದಿಲ್ಲ.

ಅಜ್ಜಿಮನೆ: ಮದುಮಗಳ ಮುಖ ಹಾಳು ಮಾಡಿದವರು ಮಾತಾಡಬೇಡಿ.

ಮೆಡಿಕಲ್ ಅಣ್ಣ: ನಾನು ಮಾರಿದ್ದು ನೋಡಿದೆಯಾ? ನಾಲಿಗೆ ಬಿಗಿ ಹಿಡಿದು ಮಾತಾಡಮ್ಮ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಏಕವಚನ ಬೇಡ. ಪುಡಿಯ ಮೆಸೇಜ್ ಅಳಿಸಿದ್ದೇನೆ.

ಮೈಸೂರ್ಪಾಕ್: ಮೇಲೆ ಅಂದರೆ ಎಲ್ಲಿ? ಸಿಗುತ್ತಿಲ್ಲ. ಎಣ್ಣೆ ಚರ್ಮ ಮೇಡಂ.

ಡಾಕ್ಟರ್: ಸ್ಯಾಲಿಸಿಲಿಕ್. 2%. ವಾರಕ್ಕೆ 2 ಸಲ.

ಹಾಸನದಮ್ಮ: ಡಾಕ್ಟ್ರೇ, ನನ್ನ ಮಗಳಿಗೆ 13. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿ ದಪ್ಪಗಾಗಿದೆ. ಶಾಲೆಯಲ್ಲಿ ಸ್ನಾನ ಮಾಡಲ್ವಾ ಅಂತ ಹಂಗಿಸುತ್ತಾರಂತೆ. ದಿನಾ ಸಕ್ಕರೆ ಹಾಕಿ ಉಜ್ಜುತ್ತೇನೆ, ಅಳುತ್ತಾಳೆ. ಯಾವ ಸ್ಕ್ರಬ್ ತರಲಿ?

ಡಾಕ್ಟರ್: ಉಜ್ಜುವುದನ್ನು ಇವತ್ತೇ ನಿಲ್ಲಿಸಿ ಅಮ್ಮ. ಮಗಳು ಕೊಳಕಾಗಿಲ್ಲ, ಅದನ್ನು ಅವಳಿಗೂ ಹೇಳಿ. ಇದು ಅಕಾಂಥೋಸಿಸ್ ನೈಗ್ರಿಕನ್ಸ್ ಇರಬೇಕು. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಅದು ಚರ್ಮದ ಕೋಶಗಳನ್ನೂ ಬೆಳೆಸುತ್ತದೆ, ಮಡಿಕೆಗಳಲ್ಲಿ ಹೀಗೆ ವೆಲ್ವೆಟ್ಟಿನಂತೆ ದಪ್ಪಗಾಗುತ್ತದೆ. ಅವಳ ತೂಕ ಜಾಸ್ತಿಯಾಗಿದೆಯಾ? ಮುಟ್ಟು ಶುರುವಾಗಿದ್ದರೆ ಸರಿಯಾಗಿ ಆಗುತ್ತಿದೆಯಾ? ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?

ಹಾಸನದಮ್ಮ: ಒಂದು ವರ್ಷದಲ್ಲಿ ದಪ್ಪಗಾಗಿದ್ದಾಳೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಅವರ ಅಪ್ಪನಿಗೆ, ಅಜ್ಜಿಗೆ ಶುಗರ್ ಇದೆ.

ಡಾಕ್ಟರ್: ಹಾಗಿದ್ದರೆ ಸ್ಕ್ರಬ್ಬಿನ ದುಡ್ಡಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯ ಶುಗರ್, ಮತ್ತೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್. ಥೈರಾಯ್ಡ್ ಬೇಕಾ ಎಂದು ಮಕ್ಕಳ ಡಾಕ್ಟರು ನೋಡಿ ಹೇಳುತ್ತಾರೆ, ವರದಿ ಅವರಿಗೆ ತೋರಿಸಿ. ತೂಕ ಇಳಿದು ಇನ್ಸುಲಿನ್ ಹತೋಟಿಗೆ ಬಂದರೆ ಕತ್ತು ತಾನಾಗಿ ತಿಳಿಯಾಗುತ್ತಾ ಬರುತ್ತದೆ. ಅದಕ್ಕೆ ಸಹಾಯವಾಗಿ ಹಚ್ಚುವ ಮದ್ದೂ ಇದೆ, ಆದರೆ ಅದು ಆಮೇಲೆ.

ನಗುಮೊಗ: ಕತ್ತಿಗೆ ಆಲೂಗಡ್ಡೆ ರಸ ಹಚ್ಚಿ ಅಕ್ಕ, ಒಂದೇ ವಾರ ಸಾಕು.

ಡಾಕ್ಟರ್: ಅಡ್ಮಿನ್, ದಯವಿಟ್ಟು ಇವರನ್ನು ಒಂದು ಗಂಟೆ ಮ್ಯೂಟ್ ಮಾಡಿ.

ತುಂಗೆ: ಮೇಡಂ??

ಅಡ್ಮಿನ್: ಸಮಯ ಮುಗಿಯಿತು. ಹೊಸ ಪ್ರಶ್ನೆ ಬೇಡ.

ಹಾಸನದಮ್ಮ: ಒಂದೇ ಮಾತು ಡಾಕ್ಟ್ರೇ. ಎರಡೂ ಪರೀಕ್ಷೆಗೆ ಉಪವಾಸ ಇರಬೇಕಾ? ಬೆಳಿಗ್ಗೆ ಹಸಿವು ತಡೆಯುವುದಿಲ್ಲ ಅವಳು.

ಡಾಕ್ಟರ್: ಎಚ್‌ಬಿಎ1ಸಿಗೆ ಬೇಡ. ಶುಗರ್‌ಗೆ ಬೇಕು, ರಾತ್ರಿ ಊಟದ ನಂತರ 8 ಗಂಟೆ, ನೀರು ಕುಡಿಯಬಹುದು. ಲ್ಯಾಬ್ ತೆರೆದ ಕೂಡಲೇ ಹೋಗಿ ರಕ್ತ ಕೊಟ್ಟು, ಅಲ್ಲೇ ಪಕ್ಕದಲ್ಲಿ ಇಡ್ಲಿ ತಿನ್ನಿಸಿ.